ಸಾರ್ಜೆಂಟನ ಶಜರಾ

ವಂಶಾವಳಿಯನ್ನು ಉರ್ದುವಿನಲ್ಲಿ ಶಜರಾ ಎನ್ನುತ್ತೇವೆ. ಆ ಪದದ ಮೂಲ ಅರ್ಥ ಮರ. ಬುಡಸಮೇತ ಕಿತ್ತು ಮಾರಲ್ಪಟ್ಟವನ ಶಜರಾ ಹುಡುಕುವುದು ಹೇಗೆ? 1873ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಅಚ್ಚಾದ ನಿಕೋಲಸ್ ಸಯೀದ್‌ನ ಆತ್ಮಕಥೆ ಓದುವಾಗ ಈ ಪ್ರಶ್ನೆ ನಮ್ಮನ್ನು ಬಿಡದೆ ಕಾಡಿತು.

ಸಯೀದ್ ಹುಟ್ಟಿದ್ದು ಚಾಡ್ ಸರೋವರದ ಬಳಿಯ ಬೋರ್ನು ರಾಜ್ಯದಲ್ಲಿ, 1836ರ ಸುಮಾರಿಗೆ. ಹುಟ್ಟುಹೆಸರು ಮುಹಮ್ಮದ್ ಅಲಿ ಬಿನ್ ಸಯೀದ್. ಹುಡುಗನಾಗಿದ್ದಾಗ ತುವಾರೆಗ್ ದಾಳಿಕಾರರ ಕೈಗೆ ಸಿಕ್ಕು, ಸಹಾರಾ ದಾಟಿ, ತುರ್ಕರ ಮನೆಗಳಲ್ಲಿ ದುಡಿದು, ಕೊನೆಗೆ ರಷ್ಯಾದ ರಾಜಕುಮಾರರ ಬಳಿ ಸೇರಿದ. ಅಲ್ಲಿ ಆತನಿಗೆ ಕ್ರೈಸ್ತ ದೀಕ್ಷೆಯಾಯಿತು, ಹೆಸರು ನಿಕೋಲಸ್ ಆಯಿತು. ಮುಂದೆ ಸ್ವತಂತ್ರನಾಗಿ ಅಮೆರಿಕಕ್ಕೆ ಬಂದು ಡೆಟ್ರಾಯಿಟ್‌ನಲ್ಲಿ ಮೇಷ್ಟ್ರಾದ. 1863ರಲ್ಲಿ ಕರಿಯ ಸೈನಿಕರ 55ನೇ ಮ್ಯಾಸಚೂಸೆಟ್ಸ್ ರೆಜಿಮೆಂಟಿಗೆ ಸೇರಿ ಸಾರ್ಜೆಂಟ್ ಆದ.

ಆತ್ಮಕಥೆ ಶುರುವಾಗುವುದೇ ಮನೆತನದಿಂದ. ತಂದೆ ಬಾರ್ಕಾ ಗಾನಾ, ಬೋರ್ನುವಿನ ಹೆಸರಾಂತ ಸೇನಾನಿ. ತಾಯಿ ಮಂದಾರಾ ನಾಡಿನವಳು. ಆಕೆಗೆ ಹತ್ತೊಂಬತ್ತು ಮಕ್ಕಳು, ತಾನು ಹದಿಮೂರನೆಯವನು. ಅಮೆರಿಕದ ಯಾವ ಜನಗಣತಿಯಲ್ಲೂ ಈ ತಂದೆತಾಯಿ ಸಿಗುವುದಿಲ್ಲ. ಆದರೆ ಇಂಗ್ಲಿಷ್ ಪ್ರವಾಸಿ ಡಿಕ್ಸನ್ ಡೆನ್‌ಹ್ಯಾಮ್ 1826ರಲ್ಲಿ ಪ್ರಕಟಿಸಿದ ಕಥನದಲ್ಲಿ ಬಾರ್ಕಾ ಗಾನಾ ಇದ್ದಾನೆ. ಅಲ್ಲೊಂದು ಪ್ರಸಂಗ ಬರುತ್ತದೆ. ಒಂದು ಕುದುರೆಯ ವಿಷಯಕ್ಕೆ ಮುನಿಸಿಕೊಂಡ ಈ ಸೇನಾನಿಯ ಮೈಮೇಲಿನ ಬಟ್ಟೆ ಕಳಚಿಸಿ, ಗುಲಾಮನಾಗಿ ಮಾರಿಬಿಡಿ ಎಂದು ದೊರೆ ಶೇಖ್ ಅಪ್ಪಣೆ ಮಾಡುತ್ತಾನೆ. ಉಳಿದ ಸರದಾರರು ಕಾಲಿಗೆ ಬಿದ್ದು ಬೇಡಿಕೊಂಡ ಮೇಲೆ ಕ್ಷಮಾದಾನ ಸಿಗುತ್ತದೆ. ತಂದೆಗಾಗಿ ಬೇಡಿಕೊಳ್ಳುವವರಿದ್ದರು, ಮಗನಿಗೆ ಯಾರೂ ಇರಲಿಲ್ಲ.

ಓದು ಬಲ್ಲ ಸಯೀದ್ ಡೆನ್‌ಹ್ಯಾಮ್‌ನ ಪುಸ್ತಕದಿಂದಲೇ ತನಗೊಬ್ಬ ತಂದೆಯನ್ನು ಆರಿಸಿಕೊಂಡಿರಬಹುದಲ್ಲ ಎಂದು ಅನುಮಾನಿಸುವವರಿದ್ದರೆ ಆ ಅನುಮಾನ ತಪ್ಪಲ್ಲ. ಆದರೆ ಕಾಗದ ಇಲ್ಲದವನ ಮಾತನ್ನೆಲ್ಲ ಸುಳ್ಳೆಂದು ತಳ್ಳುವುದನ್ನು ನಾವು ಒಪ್ಪುವುದಿಲ್ಲ. ಗುಲಾಮರ ಮದುವೆಗೆ ದಾಖಲೆಯೇ ಇರಲಿಲ್ಲವಾದ್ದರಿಂದ, ಮಡಿದ ಕರಿಯ ಸೈನಿಕರ ವಿಧವೆಯರ ಪಿಂಚಣಿಗೆ ಸಾಕ್ಷಿಗಳ ಮಾತನ್ನೇ ಒಪ್ಪಿಕೊಳ್ಳುವಂತೆ 1864ರಲ್ಲಿ ಅಮೆರಿಕದ ಕಾನೂನೇ ಅವಕಾಶ ಕೊಟ್ಟಿತು. ಸರಕಾರ ಕೊಟ್ಟಷ್ಟು ಬೆಲೆಯನ್ನಾದರೂ ವಿಮರ್ಶಕರು ಮಾತಿಗೆ ಕೊಡಬೇಡವೇ?

ನಮ್ಮನ್ನು ಹೆಚ್ಚು ಕಾಡಿದ್ದು ಪುಸ್ತಕದಲ್ಲಿ ಇಲ್ಲದ ಸಂಗತಿ. ತಂದೆಯ ಶೌರ್ಯ ಹೇಳಿಕೊಳ್ಳುವ ಸಯೀದ್ ತಾನು ಸೈನಿಕನಾಗಿದ್ದುದನ್ನು ಎಲ್ಲಿಯೂ ಹೇಳುವುದಿಲ್ಲ. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್, ಕರಿಯನಿಗೆ 10, ಅದರಲ್ಲೂ ಬಟ್ಟೆಗೆಂದು 3 ಮುರಿದು 7 ಎಂದಾಗ, ಆತನ ರೆಜಿಮೆಂಟು ಸಂಬಳ ಮುಟ್ಟಲೇ ಇಲ್ಲ. 1864ರಲ್ಲಿ ಸಮಾನ ವೇತನದ ಕಾನೂನು ಬರುವವರೆಗೂ ಹಟ ಹಿಡಿಯಿತು. ಹೇಳಿಕೊಳ್ಳಲು ಇದಕ್ಕಿಂತ ದೊಡ್ಡ ಗೌರವ ಯಾವುದಿತ್ತು?

ಉತ್ತರ ಅಚ್ಚಾದ ಊರಿನಲ್ಲಿದೆ ಎಂದು ನಮಗನ್ನಿಸುತ್ತದೆ. ಇದೇ ಮೆಂಫಿಸ್‌ನಲ್ಲಿ 1866ರ ಮೇ ತಿಂಗಳಲ್ಲಿ, ಬಿಡುಗಡೆಯಾದ ಕರಿಯ ಸೈನಿಕರಿಗೂ ಪೊಲೀಸರಿಗೂ ಶುರುವಾದ ಘರ್ಷಣೆ ನೆಪವಾಗಿ 46 ಮಂದಿ ಕರಿಯರನ್ನು ಕೊಂದಿದ್ದರು. ಅಂಥ ಊರಿನಲ್ಲಿ, ದಕ್ಷಿಣದ ಓದುಗರ ಕೈಗೆ ಪುಸ್ತಕವಿಡುವವನು ಆಫ್ರಿಕಾದ ದೂರದ ಸೇನಾನಿಯ ಮಗನಾಗಿ ಬದುಕಬಹುದಿತ್ತು. ಯೂನಿಯನ್ ಸೈನ್ಯದ ಸಾರ್ಜೆಂಟನಾಗಿ ಬದುಕುವುದು ಕಷ್ಟವಿತ್ತು.

ಡೀನ್ ಕಾಲ್‌ಬ್ರೆತ್ 2023ರಲ್ಲಿ ಸಯೀದ್‌ನ ಜೀವನಚರಿತ್ರೆ ಬರೆದು ಅದಕ್ಕೆ 'ದಿ ಸಾರ್ಜೆಂಟ್' ಎಂದೇ ಹೆಸರಿಟ್ಟರು. ಸಯೀದ್ ಮುಚ್ಚಿಟ್ಟ ಮಾತು ಹೀಗೆ ಶೀರ್ಷಿಕೆಯಾಗಿ ಹೊರಬಂದದ್ದು ನಮಗೆ ಸಂತೋಷವೇ. ಆದರೂ ವೀರನೆಂದು ಕೊಂಡಾಡುವ ಭರದಲ್ಲಿ ಆತ ಮುಚ್ಚಿಟ್ಟ ಕಾರಣ ಮರೆಯಬಾರದು. 1867ರ ಅಟ್ಲಾಂಟಿಕ್ ಮಾಸಿಕದಲ್ಲಿ ಆತನದೇ ಕಥನ ಮೊದಲು ಬಂದಾಗ ಪೀಠಿಕೆಯಲ್ಲಿ ಸೈನಿಕ ಸೇವೆಯ ಮಾತಿತ್ತು. ಆರು ವರ್ಷದಲ್ಲಿ ಅದು ಅಳಿಸಿಹೋಯಿತು. ಯಾರಾದರೂ ಸಯೀದ್‌ನನ್ನು ಕನ್ನಡಕ್ಕೆ ತರುವುದಾದರೆ ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ತರಲಿ ಎಂಬುದು ನಮ್ಮ ಕೋರಿಕೆ. ಒಂದನ್ನೇ ಓದಿದವರಿಗೆ ಸಿಗುವುದು ಅರ್ಧ ಶಜರಾ ಮಾತ್ರ.