ಮರದ ಮೇಲಿನ ಕಾಯಿಗೆ ಬೆಲೆ ಕಟ್ಟುವುದು

ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆ ಹೋಬಳಿಯಲ್ಲಿ ತೆಂಗಿನ ತೋಟವನ್ನು ಗುತ್ತಿಗೆಗೆ ಕೊಡುವ ಮಾತುಕತೆಗೆ ಹೆಚ್ಚು ಹೊತ್ತು ಬೇಕಿಲ್ಲ. ಗುತ್ತಿಗೆ ಹಿಡಿಯುವವನು ತೋಟದೊಳಗೆ ಒಂದು ಸುತ್ತು ಬರುತ್ತಾನೆ, ಕತ್ತೆತ್ತಿ ನಾಲ್ಕಾರು ಮರದ ಗೊನೆ ನೋಡುತ್ತಾನೆ, ಬೋರಿನಲ್ಲಿ ನೀರೆಷ್ಟಿದೆ ಎಂದು ಕೇಳುತ್ತಾನೆ, ಒಂದು ಮೊತ್ತ ಹೇಳುತ್ತಾನೆ. ತೋಟದವರು ಅದಕ್ಕೆ ಇನ್ನಷ್ಟು ಸೇರಿಸುತ್ತಾರೆ. ನಡುವೆ ಕೂತ ಹಿರಿಯರೊಬ್ಬರು ಇಬ್ಬರನ್ನೂ ಒಂದು ಅಂಕಿಗೆ ತರುತ್ತಾರೆ, ಮುಂಗಡ ಕೈಸೇರುತ್ತದೆ. ಎರಡು ಮೂರು ವರ್ಷದ ಫಸಲು ಅಲ್ಲಿಗೆ ಬೇರೆಯವರದಾಯಿತು. ಕಾಗದವಿಲ್ಲ, ಇದ್ದರೂ ಅದರಲ್ಲಿ ಮೊತ್ತ ಮತ್ತು ಅವಧಿ ಬಿಟ್ಟರೆ ಬೇರೇನೂ ಇರುವುದಿಲ್ಲ.

ಈ ಪದ್ಧತಿಯನ್ನು ಸುಮ್ಮನೆ ತಳ್ಳಿಹಾಕಲಾಗದು. ಮಕ್ಕಳೆಲ್ಲ ಬೆಂಗಳೂರು ಸೇರಿ ಊರಲ್ಲಿ ಒಂಟಿಯಾಗಿ ಉಳಿದ ತಾಯಿ ಕಾಯಿ ಕೀಳುವವರನ್ನು ಹುಡುಕಿಕೊಂಡು ತಿರುಗಲಾರಳು. ಕೆಡವಿ, ಸಾಗಿಸಿ, ಅಟ್ಟಕ್ಕೆ ತುಂಬಿ, ವರ್ಷ ಕಾದು, ಸುಲಿಸಿ, ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹೊತ್ತು ಮಾರುವ ಕೆಲಸ ಒಂದು ಮನೆಯ ಪೂರ್ತಿ ದುಡಿಮೆ ಕೇಳುತ್ತದೆ. ಆ ದುಡಿಮೆ ಇಲ್ಲದ ಮನೆಗೆ ಗುತ್ತಿಗೆ ಆಸರೆ. ತೋಟವಿಲ್ಲದ, ಆದರೆ ತೋಳಿನಲ್ಲಿ ಬಲವಿರುವ ಕುಟುಂಬಕ್ಕೂ ಅದು ಬದುಕಿನ ದಾರಿ. ನನ್ನ ತಕರಾರು ಗುತ್ತಿಗೆಯ ಮೇಲಿಲ್ಲ, ಅದರ ಬೆಲೆ ನಿಲ್ಲುವ ರೀತಿಯ ಮೇಲಿದೆ. ಇಳುವರಿ, ಪೇಟೆಯ ಧಾರಣೆ, ಮರದ ಮುಂದಿನ ಆರೋಗ್ಯ ಈ ಮೂರನ್ನೂ ಒಂದೇ ಮೊತ್ತದೊಳಗೆ ಕಲಸಿಬಿಡುತ್ತೇವೆ. ಕಲಸಿದ ಮೇಲೆ ಯಾವುದಕ್ಕೆ ಎಷ್ಟು ಕೊಟ್ಟೆವು, ಯಾವುದಕ್ಕೆ ಏನೂ ಕೊಡಲಿಲ್ಲ ಎಂಬುದು ಯಾರಿಗೂ ಕಾಣುವುದಿಲ್ಲ.

ಧಾರಣೆಯ ಸಂಗತಿಯನ್ನು ಮೊದಲು ನೋಡೋಣ. ಲೆಕ್ಕಕ್ಕೆಂದು ನೂರು ಮರದ ಒಂದು ತೋಟ ಇಟ್ಟುಕೊಳ್ಳಿ, ಮರಕ್ಕೆ ವರ್ಷಕ್ಕೆ ಅರವತ್ತು ಕಾಯಿ. ಆರು ಸಾವಿರ ಕಾಯಿ ಆಯಿತು. ಎಂಟು ಕಾಯಿಗೆ ಒಂದು ಕೆಜಿ ಉಂಡೆ ಕೊಬ್ಬರಿ ಎಂದರೆ ಏಳೂವರೆ ಕ್ವಿಂಟಲ್. 2023ರಲ್ಲಿ ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 9,000 ರೂಪಾಯಿಗಿಂತ ಕೆಳಗೆ ಬಿದ್ದಿತ್ತು. ಕೇಂದ್ರ ಸರ್ಕಾರದ ಬೆಂಬಲ ಬೆಲೆಯೇ ಆ ವರ್ಷ 11,750 ಇತ್ತು. 2025ರ ನಡುವಿನಲ್ಲಿ ಅದೇ ಮಾರುಕಟ್ಟೆಯಲ್ಲಿ ಧಾರಣೆ 25,000 ದಾಟಿತು. ನಮ್ಮ ನೂರು ಮರದ ಕೊಬ್ಬರಿಗೆ 8,500ರ ಲೆಕ್ಕದಲ್ಲಿ ಸುಮಾರು 64 ಸಾವಿರ ರೂಪಾಯಿ, 25,000ದ ಲೆಕ್ಕದಲ್ಲಿ 1 ಲಕ್ಷ 87 ಸಾವಿರದ ಐನೂರು. ಮರಗಳು ಅವೇ, ಕಾಯಿ ಅಷ್ಟೇ, ಕೀಳುವ ದುಡಿಮೆಯೂ ಅಷ್ಟೇ.

ಈಗ 2023ರ ಬೇಸಿಗೆಯಲ್ಲಿ ಮೂರು ವರ್ಷಕ್ಕೆ ತೋಟ ಕೊಟ್ಟವರನ್ನು ನೆನೆಯಿರಿ. ಆಗಿನ ಧಾರಣೆ ನೋಡಿ ಮೊತ್ತ ಹೇಳಿದರು, ಬಂದಷ್ಟಕ್ಕೆ ಒಪ್ಪಿದರು. 2025ರಲ್ಲಿ ಅವರದೇ ತೋಟದ ಕೊಬ್ಬರಿ ಇನ್ನೊಬ್ಬರ ಹೆಸರಿನಲ್ಲಿ ಚಿನ್ನದ ಬೆಲೆಗೆ ಹೋಯಿತು. ಅದಕ್ಕೂ ಹಿಂದೆ, ಧಾರಣೆ ಏರಿದ್ದ ಕಾಲದಲ್ಲಿ ಸಾಲ ಮಾಡಿ ದೊಡ್ಡ ಮೊತ್ತಕ್ಕೆ ತೋಟ ಹಿಡಿದವರು 2023ರ ಕುಸಿತದಲ್ಲಿ ಅಟ್ಟ ತುಂಬ ಕಾಯಿ ಇಟ್ಟುಕೊಂಡು ಬಡ್ಡಿ ಕಟ್ಟಿದರು. ಎರಡೂ ಸಲ ಯಾರೂ ಮೋಸ ಮಾಡಿರಲಿಲ್ಲ. ಒಪ್ಪಂದದ ರೂಪವೇ ಒಬ್ಬರನ್ನು ಮುಳುಗಿಸುವಂತಿತ್ತು. ಉಂಡೆ ಕೊಬ್ಬರಿಗೆ ಈ ಅಪಾಯ ಬೇರೆ ಬೆಳೆಗಳಿಗಿಂತ ಹೆಚ್ಚು. ಬಲಿತ ಕಾಯಿ ಅಟ್ಟದಲ್ಲಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಕೂತು, ಒಳಗಿನ ನೀರು ಇಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟು ಗಲಗಲ ಅನ್ನಬೇಕು. ಇಂದು ಗುತ್ತಿಗೆ ನಿಗದಿ ಮಾಡುವವರು ನಿಜವಾಗಿ ಊಹಿಸುತ್ತಿರುವುದು ಒಂದೆರಡು ವರ್ಷದಾಚೆಯ ಬೆಲೆಯನ್ನು. ಆ ಊಹೆ ಯಾರಿಂದಲೂ ಆಗದು. ಆಗದ ಊಹೆಯ ಮೇಲೆ ಒಂದು ಮನೆಯ ಮೂರು ವರ್ಷದ ಅನ್ನವನ್ನು ನಿಲ್ಲಿಸುವುದನ್ನು ನ್ಯಾಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇದಕ್ಕೊಂದು ಸರಳ ದಾರಿ ಇದೆ, ಲೆಕ್ಕ ಬಲ್ಲ ಯಾರಾದರೂ ಮಾಡಬಹುದಾದದ್ದು. ಮೇಲಿನ ತೋಟಕ್ಕೆ, ಕೊಬ್ಬರಿ 12,000 ಇದ್ದರೆ ವರ್ಷಕ್ಕೆ 40,000 ರೂಪಾಯಿ ಎಂದು ಇಬ್ಬರೂ ಒಪ್ಪಿದರು ಎಂದಿಟ್ಟುಕೊಳ್ಳಿ. ಧಾರಣೆ ಸಾವಿರ ಏರಿದಾಗಲೆಲ್ಲ ಗುತ್ತಿಗೆ 2,500 ಏರಲಿ, ಸಾವಿರ ಇಳಿದಾಗ 2,500 ಇಳಿಯಲಿ. 8,500ಕ್ಕೆ ಬಿದ್ದರೆ ತೋಟದವರಿಗೆ 31,250; 25,000ಕ್ಕೆ ಏರಿದರೆ 72,500. ಗುತ್ತಿಗೆದಾರ ಸಾಲಕ್ಕೆ ಬೀಳುವುದಿಲ್ಲ, ಲಾಭದ ದೊಡ್ಡ ಪಾಲೂ ಅವನಲ್ಲೇ ಉಳಿಯುತ್ತದೆ. ತೋಟದವರಿಗೂ ತಮ್ಮ ಮರದ ಏಳಿಗೆಯಲ್ಲಿ ಪಾಲು ಸಿಗುತ್ತದೆ. ಯಾವ ಧಾರಣೆ ಎಂಬ ಜಗಳಕ್ಕೆ ಎಡೆಯೇ ಇಲ್ಲ: ತಿಪಟೂರು ಎಪಿಎಂಸಿಯ ಹರಾಜಿನ ಬೆಲೆ ಮರುದಿನ ಪತ್ರಿಕೆಯಲ್ಲಿ ಬರುತ್ತದೆ, ಈಗ ಎಲ್ಲರ ಮೊಬೈಲಿನಲ್ಲೂ ಇರುತ್ತದೆ. ಒಂದು ದಿನದ ಬೆಲೆ ಹಿಡಿಯದೆ ಆರು ತಿಂಗಳ ಸರಾಸರಿ ಹಿಡಿದರೆ ಸಾಕು. ವಾರಕ್ಕೆ ಕೊಡುವ, ಅಂದರೆ ಫಸಲನ್ನೇ ಪಾಲು ಮಾಡಿಕೊಳ್ಳುವ ಹಳೆಯ ಪದ್ಧತಿಯಲ್ಲಿ ಈ ನ್ಯಾಯ ಮೊದಲೇ ಇತ್ತು. ಅದು ಹಿಂದೆ ಸರಿದದ್ದು ನ್ಯಾಯ ಸಾಲದೆ ಇರುವುದಕ್ಕಲ್ಲ, ಪ್ರತಿ ಕೊಯ್ಲಿಗೂ ತೋಟದವರು ಬಂದು ನಿಲ್ಲಬೇಕಾಗಿದ್ದುದಕ್ಕೆ.

ಮರದ ಆರೋಗ್ಯದ ಸಂಗತಿ ಇದಕ್ಕಿಂತ ಗಂಭೀರ. ಇದನ್ನು ಯಾವ ಮಾತುಕತೆಯಲ್ಲೂ ಯಾರೂ ಎತ್ತುವುದಿಲ್ಲ.

ತೆಂಗು ಹೆಚ್ಚುಕಡಿಮೆ ತಿಂಗಳಿಗೊಂದು ಹೊಂಬಾಳೆ ಬಿಡುವ ಮರ. ಹೊಂಬಾಳೆ ಒಡೆದು ಹರಳು ಕಟ್ಟಿ ಕಾಯಿ ಬಲಿಯಲು ಹನ್ನೊಂದು ಹನ್ನೆರಡು ತಿಂಗಳು ಬೇಕು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆ ಹೊಂಬಾಳೆಯ ಮೊಳಕೆ ಸುಳಿಯೊಳಗೆ ಹುಟ್ಟುವುದು ಅದು ಹೊರಗೆ ಕಾಣುವುದಕ್ಕೆ ಎರಡೂವರೆ ವರ್ಷಕ್ಕೂ ಮೊದಲು. ಇಂದು ನಾವು ಕೀಳುವ ಕಾಯಿ ಮೂರೂವರೆ ವರ್ಷದ ಹಿಂದೆ ಸುಳಿಯಲ್ಲಿ ಶುರುವಾದದ್ದು. ಅಂದಿನ ನೀರು, ಅಂದಿನ ಗೊಬ್ಬರ, ಅಂದಿನ ಬರ ಎಲ್ಲವೂ ಇಂದಿನ ಗೊನೆಯಲ್ಲಿ ಲೆಕ್ಕಕ್ಕೆ ಬರುತ್ತವೆ. ಬರಗಾಲ ಕಳೆದು ಮಳೆ ಚೆನ್ನಾಗಿ ಬಂದ ಮೇಲೂ ಎರಡು ವರ್ಷ ಮರ ಕಾಯಿ ಬಿಡದೆ ನಿಲ್ಲುವುದನ್ನು 2010ರ ದಶಕದ ಬರಗಳ ಬಳಿಕ ಚಿಕ್ಕನಾಯಕನಹಳ್ಳಿ, ಅರಸೀಕೆರೆಯ ಕಡೆ ಎಲ್ಲರೂ ಕಣ್ಣಾರೆ ಕಂಡಿದ್ದಾರೆ.

ಈ ಸಂಗತಿಯನ್ನು ಮೂರು ವರ್ಷದ ಗುತ್ತಿಗೆಯ ಪಕ್ಕದಲ್ಲಿಟ್ಟು ನೋಡಿ. ಗುತ್ತಿಗೆದಾರನಿಗೆ ಸಿಗುವ ಕಾಯಿಯ ಬಹುಪಾಲು ಅವನು ಬರುವುದಕ್ಕೆ ಮೊದಲೇ ಮರದೊಳಗೆ ನಿರ್ಧಾರವಾಗಿರುತ್ತದೆ. ಅವನು ಹಾಕಿದ ಗೊಬ್ಬರದ ಫಲದಲ್ಲಿ ದೊಡ್ಡ ಪಾಲು ಅವನು ಹೋದ ಮೇಲೆ ಬರುತ್ತದೆ. ತೆಂಗಿಗೆ ವರ್ಷಕ್ಕೆ ಮರವೊಂದಕ್ಕೆ 50 ಕೆಜಿ ಕೊಟ್ಟಿಗೆ ಗೊಬ್ಬರ ಹಾಕಬೇಕೆಂಬುದು ತೋಟಗಾರಿಕೆಯ ಶಿಫಾರಸು. ನೂರು ಮರಕ್ಕೆ ಐದು ಟನ್. ಕೊನೆಯ ವರ್ಷ ಅದನ್ನು ಹೊತ್ತು ಹಾಕುವ ಗುತ್ತಿಗೆದಾರನನ್ನು ಎಲ್ಲಿಂದ ತರುವುದು? ಅವನು ಕೆಟ್ಟವನೆಂದಲ್ಲ; ಒಪ್ಪಂದ ಅವನಿಗೆ ಒಂದು ಕಾರಣವನ್ನೂ ಕೊಟ್ಟಿಲ್ಲ. ನೀರು ನಿಂತರೂ ಅಷ್ಟೇ, ಕಪ್ಪುತಲೆ ಹುಳು ಗರಿ ತಿಂದರೂ ಅಷ್ಟೇ, ಕಾಂಡದಿಂದ ರಸ ಸೋರಿದರೂ ಅಷ್ಟೇ. ನಷ್ಟ ಎದ್ದು ಕಾಣುವ ಹೊತ್ತಿಗೆ ಅವನು ಬೇರೊಂದು ತೋಟದಲ್ಲಿರುತ್ತಾನೆ, ತೋಟದವರು ಕಾಲವನ್ನು ಬೈಯುತ್ತಿರುತ್ತಾರೆ. ಈ ಭಾಗದ ಎಷ್ಟೋ ತೋಟಗಳು ಸೊರಗಿರುವುದಕ್ಕೆ ನುಸಿ ಪೀಡೆ, ಬಿಳಿನೊಣ, ಬತ್ತಿದ ಬೋರುಗಳ ಜೊತೆಗೆ ನಾವು ಮಾಡಿಕೊಂಡ ಗುತ್ತಿಗೆಯೂ ಕಾರಣ ಎಂದು ನಾನು ನಂಬುತ್ತೇನೆ.

ಎಳನೀರಿಗೆ ಕೊಟ್ಟ ತೋಟಕ್ಕೂ ಹೀಗೆಯೇ. ಕಾಯಿಗೆ ಇಷ್ಟು ಎಂದು ಎಣಿಸಿ ದುಡ್ಡು ಕೊಡುವುದರಿಂದ ಬೆಲೆ ಅಲ್ಲಿ ಸ್ಪಷ್ಟ. ಆದರೆ ಏಳು ತಿಂಗಳ ಕಾಯಿಯನ್ನು ಒಂದೇ ಸಮ ಇಳಿಸುತ್ತಾ ಹೋದಾಗ ಮರದಿಂದ ಹೊರಹೋಗುವ ಪೋಷಕಾಂಶವನ್ನು ಯಾರು ತುಂಬಬೇಕು ಎಂಬ ಪ್ರಶ್ನೆ ಅಲ್ಲಿಯೂ ಬರುವುದಿಲ್ಲ.

ಗುತ್ತಿಗೆಯಲ್ಲಿ ಇಂಥ ಪ್ರಶ್ನೆಗೆ ಜಾಗ ಕೊಡುವುದಕ್ಕೆ ದೂರದ ಒಂದು ಉದಾಹರಣೆ ಇದೆ. ಅಮೆರಿಕದ ಟೆಕ್ಸಾಸಿನಂಥ ರಾಜ್ಯಗಳಲ್ಲಿ ರೈತರು ತಮ್ಮ ಜಮೀನಿನಲ್ಲಿ ಜಿಂಕೆ ಬೇಟೆಯಾಡುವ ಹಕ್ಕನ್ನು ಎಕರೆಗೆ ಇಷ್ಟೆಂದು ಗುತ್ತಿಗೆ ಕೊಡುತ್ತಾರೆ. ಜಿಂಕೆ ರೈತನದಲ್ಲ, ಅದು ಆ ರಾಜ್ಯದ ಜನರ ಸ್ವತ್ತು. ರೈತ ಮಾರುವುದು ಒಂದು ಹಂಗಾಮಿನ ಪ್ರವೇಶವನ್ನು ಮಾತ್ರ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಂಥ ವ್ಯವಹಾರಕ್ಕೆ ಜಾಗವಿಲ್ಲ, ಇರಬೇಕಾಗಿಯೂ ಇಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳು ಯಾರ ಗುತ್ತಿಗೆಗೂ ಸಿಗದೆ ಬಯಲಿನಲ್ಲಿ ಓಡಾಡುವುದು ನಮ್ಮ ಜಿಲ್ಲೆಯ ಹೆಮ್ಮೆ. ಆದರೂ ಆ ಬೇಟೆಯ ಗುತ್ತಿಗೆಯಿಂದ ಕಲಿಯಬೇಕಾದ ಒಂದು ವಿಷಯವಿದೆ. ಅಲ್ಲಿ ಎಚ್ಚರವುಳ್ಳ ಜಮೀನುದಾರ ಬಾಡಿಗೆಯ ಜೊತೆಗೆ ಎಷ್ಟು ಪ್ರಾಣಿ ಹೊಡೆಯಬಹುದು, ಎಂಥದನ್ನು ಮುಟ್ಟಬಾರದು ಎಂಬುದನ್ನೂ ಬರೆಸುತ್ತಾನೆ. ಮುಂದಿನ ವರ್ಷಕ್ಕೆ ಏನು ಉಳಿಯಬೇಕು ಎಂಬುದು ಒಪ್ಪಂದದ ಮೊದಲ ಪುಟದಲ್ಲಿರುತ್ತದೆ. ನಮ್ಮ ತೆಂಗಿನ ಗುತ್ತಿಗೆಯಲ್ಲಿ ಆ ಪುಟವೇ ಇಲ್ಲ.

ಬರೆಯದೆ ಇರುವುದಕ್ಕೆ ಕಾರಣ ಸೋಮಾರಿತನವಲ್ಲ, ಭಯ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕರ್ನಾಟಕದಲ್ಲಿ ಕೃಷಿ ಜಮೀನಿನ ಗೇಣಿಯನ್ನೇ ನಿಷೇಧಿಸಿತು. ಉಳುವವನಿಗೆ ಹೊಲ ಸಿಕ್ಕ ಆ ಕಾಲ ಲಕ್ಷಾಂತರ ಮನೆಗಳಿಗೆ ಬೆಳಕು ತಂದಿತು. ಅದರ ಬೆಲೆಯನ್ನು ಕಡಿಮೆ ಮಾಡಿ ಮಾತಾಡುವ ಮನಸ್ಸು ನನಗಿಲ್ಲ. ಆದರೆ ಗೇಣಿದಾರರು ಜಮೀನಿನ ಹಕ್ಕು ಕೇಳಿ ಸಲ್ಲಿಸಿದ ಫಾರಂ 7ರ ನೆನಪು ಇನ್ನೂ ಆರಿಲ್ಲ. ಪಹಣಿಯ ಸಾಗುವಳಿದಾರರ ಕಾಲಂನಲ್ಲಿ ಬೇರೆಯವರ ಹೆಸರು ಬಂದುಬಿಟ್ಟರೆ ಎಂಬ ಅಂಜಿಕೆಯಲ್ಲಿ ಬಹುತೇಕ ತೋಟದವರು ಒಂದು ಸಾಲೂ ಬರೆದುಕೊಡುವುದಿಲ್ಲ. ಕಾಫಿ, ಮೆಣಸು, ಏಲಕ್ಕಿ, ರಬ್ಬರಿಗೆ ಕಾಯ್ದೆಯಲ್ಲಿ ತೋಟದ ಬೆಳೆ ಎಂಬ ಪ್ರತ್ಯೇಕ ಸ್ಥಾನವಿದೆ, ತೆಂಗಿಗೆ ಅದಿಲ್ಲ. ನೀತಿ ಆಯೋಗ 2016ರಲ್ಲಿ, ಒಡೆತನಕ್ಕೆ ಧಕ್ಕೆಯಾಗದಂತೆ ಗೇಣಿಗೆ ಕೊಡಲು ಮಾದರಿ ಕಾಯ್ದೆಯೊಂದನ್ನು ರಾಜ್ಯಗಳ ಮುಂದಿಟ್ಟಿತು. ಆದರೂ ಹಂದನಕೆರೆಯ ಗುತ್ತಿಗೆಗಳು ಇವತ್ತಿಗೂ ಬಾಯಿಮಾತಿನಲ್ಲೇ ನಡೆಯುತ್ತಿವೆ.

ಬಾಯಿಮಾತಿನ ಗುತ್ತಿಗೆಯಿಂದ ದುಡಿಯುವವನಿಗೆ ಆಗುವ ಅನ್ಯಾಯ ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದು 2024ರಲ್ಲಿ ಸರ್ಕಾರ ನಡೆಸಿದ ಕೊಬ್ಬರಿ ಖರೀದಿಯಲ್ಲಿ. ಆ ವರ್ಷ ಬೆಂಬಲ ಬೆಲೆ 12,000 ಇತ್ತು, ಅದರ ಮೇಲೆ ರಾಜ್ಯ ಸರ್ಕಾರದ ಪ್ರೋತ್ಸಾಹಧನ 1,500. ನೋಂದಣಿಗೆ ಸರ್ಕಾರ ರೈತರಿಗೆ ಕೊಡುವ ಗುರುತಿನ ಸಂಖ್ಯೆ, ಫ್ರೂಟ್ಸ್ ಐಡಿ, ಬೇಕಿತ್ತು; ಅದು ಪಹಣಿ ಇರುವವರ ಹೆಸರಿನಲ್ಲಿರುತ್ತದೆ. ಕೊಬ್ಬರಿ ಗುತ್ತಿಗೆದಾರನದು, ಖಾತೆ ತೋಟದವರದು. ಆ ದುಡ್ಡು ಯಾರಿಗೆ ಸೇರಬೇಕು? ಫಸಲನ್ನು ಕೊಂಡವನಿಗೆ ಸೇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಲೆ ಬಿದ್ದ ವರ್ಷ ನಷ್ಟ ಹೊತ್ತವನು ಅವನು, ಆ ನಷ್ಟಕ್ಕೆಂದೇ ಬಂದ ನೆರವು ಅದು. ತೋಟದವರ ಮನಸ್ಸು ದೊಡ್ಡದಿದ್ದರೆ ಕೈಗೆ ಬರುತ್ತದೆ, ಇಲ್ಲದಿದ್ದರೆ ಕೇಳಲು ಒಂದು ಚೀಟಿಯೂ ಅವನ ಬಳಿ ಇಲ್ಲ.

ಕಾಯ್ದೆ ಬದಲಾಗುವವರೆಗೆ ಕಾಯಬೇಕಿಲ್ಲ. ಜಮೀನನ್ನು ಗೇಣಿಗೆ ಕೊಡದೆ ಫಸಲನ್ನಷ್ಟೇ ಮಾರಿದ್ದೇವೆ, ಸ್ವಾಧೀನ ತೋಟದವರಲ್ಲೇ ಇದೆ ಎಂದು ಕರಾರು ಬರೆದುಕೊಳ್ಳುವುದಕ್ಕೆ ತಾಲ್ಲೂಕಿನ ವಕೀಲರನ್ನು ಒಮ್ಮೆ ಕೇಳಿದರೆ ಸಾಕು. ಆ ಕರಾರಿನಲ್ಲಿ ಮರಗಳ ಎಣಿಕೆ ಬರಲಿ. ಧಾರಣೆಯ ಜೊತೆ ಏರಿಳಿಯುವ ಮೊತ್ತ, ಪ್ರತಿ ಕೊಯ್ಲಿನ ಕಾಯಿ ಲೆಕ್ಕ, ಗರಿ ಮಟ್ಟೆ ಯಾರಿಗೆ ಎಂಬ ತೀರ್ಮಾನ ಇರಲಿ. ಗೊಬ್ಬರದ ಹೊಣೆಯನ್ನು ಗುತ್ತಿಗೆದಾರನ ಮೇಲೆ ಹೊರಿಸುವುದಕ್ಕಿಂತ, ವರ್ಷ ವರ್ಷ ಗುತ್ತಿಗೆಯ ದುಡ್ಡಿನಲ್ಲಿ ಒಂದು ಪಾಲನ್ನು ಗೊಬ್ಬರಕ್ಕೆಂದೇ ತೆಗೆದಿಟ್ಟು ತೋಟದವರೇ ಹಾಕಿಸುವುದು ಮೇಲು. ಫಲ ಬರುವ ಹೊತ್ತಿಗೆ ತೋಟದಲ್ಲಿ ಇರುವವರು ಅವರೇ. ಇನ್ನು ಅವಧಿ: ಒಂದು ವರ್ಷಕ್ಕೆ ಕೊಟ್ಟರೆ ಮರದ ಕಡೆ ಯಾರೂ ನೋಡುವುದಿಲ್ಲ; ಐದಾರು ವರ್ಷಕ್ಕೆ ಕೊಟ್ಟರೆ ತಾನು ಹಾಯಿಸಿದ ನೀರಿನ ಕಾಯಿಯನ್ನು ಗುತ್ತಿಗೆದಾರನೂ ಕೀಳುತ್ತಾನೆ. ಒಂದೇ ಮೊತ್ತದ ಪದ್ಧತಿಯಲ್ಲಿ ಅಷ್ಟು ದೀರ್ಘ ಅವಧಿಗೆ ಕೊಡಲು ತೋಟದವರು ಹೆದರುವುದು ಸರಿಯೇ. ಮೊತ್ತ ಧಾರಣೆಯ ಜೊತೆ ನಡೆಯುವುದಾದರೆ ಆ ಹೆದರಿಕೆ ಉಳಿಯುವುದಿಲ್ಲ.