ಎರಡು ಬಾಲಗಳ ಪ್ರಸಂಗ

ಮಲೆನಾಡಿನ ಕಾಡಿನಲ್ಲಿ ಮುಂಜಾವದ ಒಂದು ಗಳಿಗೆ ಸುಮ್ಮನೆ ಕುಳಿತಿರಬಲ್ಲ ರಸಿಕನಿಗೆ ಮೊದಲು ದೊರೆಯುವುದು ಕಾಜಾಣ. ಏಕೆಂದರೆ ಹೆಚ್ಚಿನ ಪಕ್ಷಿಗಳು ಇನ್ನೂ ನಿದ್ರಾವಶವಾಗಿರುವಾಗಲೇ ಅದು ತನ್ನ ಕಛೇರಿಯನ್ನು ಆರಂಭಿಸಿಬಿಟ್ಟಿರುತ್ತದೆ. ಕೆಂದಳಿಲಿಗೆ ಆ ಅವಸರವಿಲ್ಲ.

ಇವೆರಡನ್ನೂ ಒಂದೇ ತಕ್ಕಡಿಯಲ್ಲಿಡಲು ನನಗೆ ನೆಪವಾದದ್ದು ಬಾಲ. ಕಾಜಾಣದ ಬಾಲದ ಹೊರಗಣ ಎರಡು ಗರಿಗಳು ನಡುವೆ ಬೋಳಾಗಿ, ಬರಿಯ ತಂತಿಯಂತೆ ನೀಳವಾಗಿ, ತುದಿಯಲ್ಲಿ ಮಾತ್ರ ತಿರುಚಿದ ಪುಟ್ಟ ಬಾವುಟಗಳನ್ನು ಧರಿಸಿರುವುದರಿಂದ, ಅದು ಹಾರುವಾಗ ಎರಡು ಕರಿದುಂಬಿಗಳು ಅದನ್ನು ಅಟ್ಟಿಸಿಕೊಂಡು ಬರುತ್ತಿರುವಂತೆ ಭ್ರಮೆಯಾಗುತ್ತದೆ. ಕೆಂದಳಿಲಿನ ಬಾಲವಾದರೋ ಒಡಲಿಗಿಂತ ಉದ್ದವಾದದ್ದು, ದುಡಿಯುವ ಬಾಲ. ಆಗುಂಬೆಯ ಬಳಿ ಒಮ್ಮೆ, ಹಿಂಗಾಲುಗಳಿಂದ ಕೊಂಬೆಯನ್ನು ಅವುಚಿಕೊಂಡು, ತಲೆಕೆಳಗಾಗಿ ಜೋತುಬಿದ್ದು, ಮುಂಗೈಗಳೆರಡರಲ್ಲಿಯೂ ಹೆಬ್ಬಲಸಿನ ಹಣ್ಣನ್ನು ತಿರುತಿರುಗಿಸಿ ತಿನ್ನುತ್ತಿದ್ದ ಒಂದನ್ನು ಬಹಳ ಹೊತ್ತು ನೋಡಿದೆ. ಕೊಂಬೆಯ ಆಚೆ ಮಗ್ಗುಲಿಗೆ ಇಳಿಬಿದ್ದ ಬಾಲವು ಇಡಿಯ ದೇಹದ ಸಮತೂಕವನ್ನು ಕಾಯುತ್ತಿತ್ತು, ಸಿಪ್ಪೆಯೆಲ್ಲ ನನ್ನ ಟೋಪಿಯ ಮೇಲೆ ಉದುರುತ್ತಿತ್ತು.

ಕಂಠದ ಮಾತು ಬಂದರೆ ಅಳಿಲು ಸೋತಂತೆಯೇ. ಅದರದು ಗಿಲಕಿ ಅಲುಗಿಸಿದಂಥ ಕರ್ಕಶ ಗದರಿಕೆ. ಆದರೆ ಗದರಿಕೆಯಾದರೂ ಸ್ವಂತದ್ದು. ಕಾಜಾಣವೋ ಅನುಕರಣಪಟು: ಹರಟೆಮಲ್ಲನ ಕಲಕಲವನ್ನೂ ಗಿಡುಗನ ಕೂಗನ್ನೂ ತನ್ನ ರಾಗದ ನಡುವೆ ನಿಸ್ಸಂಕೋಚವಾಗಿ ಹೆಣೆದುಬಿಡುತ್ತದೆ. ಸಂಗೀತದಲ್ಲಿ ಇಂಥ ಚೌರ್ಯವನ್ನು ನಾನು ಕ್ಷಮಿಸುವವನು.

ಕ್ಷಮಿಸಲಾಗದ ಅಂತರವೊಂದು ಬೇರೆಯುಂಟು, ಅದನ್ನು ಮಾಡಿದವರು ನಾವು. ಸುಮಾರು 2 ಕಿಲೋ ತೂಗುವ ಕೆಂದಳಿಲು ಒಂದು ನೆಗೆತಕ್ಕೆ 6 ಮೀಟರು ದಾಟಬಲ್ಲದು. ಮರದಿಂದ ಮರಕ್ಕೇ ಬದುಕುವ ಅದು ನೆಲಕ್ಕಿಳಿಯುವುದು ಅಪೂರ್ವ. ಘಟ್ಟದ ರಸ್ತೆ ಅಗಲವಾದಾಗ ಕಾಜಾಣಕ್ಕೆ ಏನೂ ಆಗುವುದಿಲ್ಲ, ಎರಡು ರೆಕ್ಕೆ ಬಡಿದರೆ ಆಚೆಯ ದಡ. ಅಳಿಲಿಗೆ ಅದೇ ದಾರಿ ಕಡಲಾಗುತ್ತದೆ. ರಸ್ತೆ ಮಾಡಿಸುವವರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ದಾರಿಯ ಮೇಲೆ ಕೈಕೈ ಹಿಡಿದು ನಿಂತ ಕೊಂಬೆಗಳನ್ನು ಅಲ್ಲಲ್ಲಿಯಾದರೂ ಕಡಿಯದೆ ಬಿಡಿರಿ.