ಕಾಯೋರಿಗೆ ಕೂಲಿ ಕೊಡೋರು ಯಾರು?

ಊರಿಗೆ ಹೋದಾಗಲೆಲ್ಲ ಮದುವೆ ಮನೆ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳೋದು ಒಂದೇ ಪ್ರಶ್ನೆ. "ಅಲ್ಲೆಲ್ಲ ಕೆಲಸ ಹೇಳಿದ ಟೈಮಿಗೆ ಆಗಿಬಿಡುತ್ತಂತಲ್ಲಪ್ಪಾ?" ಹೌದು ಅಂದ್ರೆ ಸುಳ್ಳಾಗುತ್ತೆ, ಇಲ್ಲ ಅಂದ್ರೆ ಯಾರೂ ನಂಬಲ್ಲ. ಇಂಗ್ಲೆಂಡಿನಲ್ಲಿ ಕಸದ ಲಾರಿ ಹೇಳಿದ ವಾರವೇ ಬರುತ್ತೆ, ನಿಜ. ಆದರೆ ಮನೆಗೆ ಇಂಟರ್‌ನೆಟ್ ಹಾಕಿಸಬೇಕು, ಬಾಯ್ಲರ್ ರಿಪೇರಿ ಆಗಬೇಕು, ಪಾರ್ಸೆಲ್ ಕೈಗೆ ಸಿಗಬೇಕು ಅಂದ್ರೆ ಇಲ್ಲೂ ಕಾಯಲೇಬೇಕು. ತಡ ಆಗೋದು ಎಲ್ಲಾ ಕಡೆ ಇದ್ದದ್ದೇ. ನನ್ನ ತಕರಾರು ಏನಂದ್ರೆ, ಹಾಗೆ ಹಾಳಾದ ಸಮಯದ ಲೆಕ್ಕ ಯಾರ ಖಾತೆಗೆ ಬೀಳುತ್ತೆ?

ನನ್ನದೇ ಒಂದು ಉದಾಹರಣೆ ಹೇಳ್ತೀನಿ. 2019ರ ಅಕ್ಟೋಬರ್‌ನಲ್ಲಿ ಹೊಸ ಬಾಡಿಗೆ ಮನೆಗೆ ಬ್ರಾಡ್‌ಬ್ಯಾಂಡ್ ಬುಕ್ ಮಾಡಿದೆ. ಎಂಜಿನಿಯರ್ ಬರೋ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1 ಗಂಟೆ ಅಂದ್ರು. ಐದು ಗಂಟೆ ಅವಧಿಗೆ 'ಅಪಾಯಿಂಟ್‌ಮೆಂಟ್' ಅಂತ ಹೆಸರು! ಅರ್ಧ ದಿನ ರಜೆ ಹಾಕಿ ಕೂತೆ. ಯಾರೂ ಬರಲಿಲ್ಲ. 1 ಗಂಟೆ 5 ನಿಮಿಷಕ್ಕೆ ಮೆಸೇಜ್ ಬಂತು: "ನಿಮ್ಮ ಅನುಭವ ಹೇಗಿತ್ತು? ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ?" ಬರದೇ ಇದ್ದವನಿಗೆ ನಾನು ಎಷ್ಟು ಅಂಕ ಕೊಡಲಿ, ನೀವೇ ಹೇಳಿ.

ಫೋನ್ ಮಾಡಿದರೆ ಪಿಟೀಲು ಸಂಗೀತ. ಎರಡು ನಿಮಿಷಕ್ಕೊಮ್ಮೆ "ನಿಮ್ಮ ಕರೆ ನಮಗೆ ಅತ್ಯಮೂಲ್ಯ". ಮುಕ್ಕಾಲು ಗಂಟೆ ಆದ ಮೇಲೆ ಒಬ್ಬ ಹುಡುಗಿ ಲೈನಿಗೆ ಬಂದಳು. ಮಾತಿನ ಧಾಟಿ ಕೇಳಿದ್ರೆ ನಮ್ಮ ಕಡೆಯವಳೇ ಇರಬೇಕು ಅನ್ನಿಸ್ತು. ನಾಲ್ಕು ನಿಮಿಷದಲ್ಲಿ ಆರು ಸಲ ಸಾರಿ ಕೇಳಿದಳು. ಎಂಜಿನಿಯರ್ ಯಾಕೆ ಬರಲಿಲ್ಲ? ಅವಳಿಗೆ ಗೊತ್ತಿಲ್ಲ. ನಾಳೆ ಕಳಿಸ್ತೀರಾ? ಅವಳ ಕೈಯಲ್ಲಿಲ್ಲ. ರಸ್ತೆಯ ತಂತಿ ನೋಡಿಕೊಳ್ಳೋರು ಒಬ್ಬರು, ನನಗೆ ಬಿಲ್ ಕಳಿಸೋರು ಇನ್ನೊಬ್ಬರು, ಈ ಹುಡುಗಿಗೆ ಸಂಬಳ ಕೊಡೋರು ಮೂರನೆಯವರು. ನನ್ನ ಬೈಗುಳ ಕೇಳಿಸಿಕೊಳ್ಳೋದೊಂದೇ ಆಕೆಗೆ ಕೊಟ್ಟಿರೋ ಅಧಿಕಾರ. ಅವಳ ಮೇಲೆ ಕೂಗಾಡಿ ಏನು ಬಂತು?

ನಾನು ಸಾಫ್ಟ್‌ವೇರ್‌ನವನಾದ್ದರಿಂದ ಇದರ ಒಳಮರ್ಮ ಸ್ವಲ್ಪ ಅರ್ಥ ಆಗುತ್ತೆ. ಕಾಲ್ ಸೆಂಟರ್‌ಗಳಲ್ಲಿ ಒಂದು ಕರೆ ಎಷ್ಟು ನಿಮಿಷದಲ್ಲಿ ಮುಗೀತು ಅಂತ ಅಳೆಯುತ್ತಾರೆ. ಟಿಕೆಟ್ ಕ್ಲೋಸ್ ಆಯ್ತಾ ಅಂತ ನೋಡ್ತಾರೆ. ಸಮಸ್ಯೆ ಬಗೆಹರಿಯಿತಾ ಅನ್ನೋದು ಬೇರೆ ಮಾತು. ಇನ್ನು ನಮ್ಮದೇ ಕೆಲಸ ನೋಡಿ. ದೊಡ್ಡ ಕಂಪನಿಗಳ ಜೊತೆ ನಾವು ಎಸ್‌ಎಲ್‌ಎ ಅಂತ ಕರಾರು ಮಾಡಿಕೊಳ್ತೀವಿ. ಸರ್ವರ್ ಇಷ್ಟು ಹೊತ್ತಿಗಿಂತ ಜಾಸ್ತಿ ಬಿದ್ದಿದ್ರೆ ಇಷ್ಟು ದುಡ್ಡು ನಮ್ಮ ಬಿಲ್ಲಿನಿಂದ ಕಟ್. ಅದಕ್ಕೇ ರಾತ್ರಿ 2 ಗಂಟೆಗೆ ಫೋನ್ ಬಂದ್ರೆ ದಡಬಡಿಸಿ ಎದ್ದು ಲ್ಯಾಪ್‌ಟಾಪ್ ತೆಗೀತೀನಿ. ಗಿರಾಕಿ ಮೇಲಿನ ಪ್ರೀತಿಯಿಂದ ಯಾರೂ ಆ ಹೊತ್ತಲ್ಲಿ ಏಳಲ್ಲ. ಕಂಪನಿ ಕಂಪನಿ ನಡುವೆ ಇರೋ ಈ ಕರಾರು ಮನೆಯಲ್ಲಿ ಕಾಯ್ತಾ ಕೂತೋನಿಗೆ ಯಾಕಿಲ್ಲ?

ಇದೆ ಅನ್ನೋದು ಗೊತ್ತಾಗಿದ್ದು ಮುಂದಿನ ತಿಂಗಳ ಬಿಲ್ ನೋಡಿದಾಗ. ಆಫ್‌ಕಾಮ್ ಅಂತ ಇಲ್ಲಿನ ಟೆಲಿಕಾಂ ನಿಯಂತ್ರಣ ಸಂಸ್ಥೆ, ನಮ್ಮ ಟ್ರಾಯ್ ಇದ್ದ ಹಾಗೆ. ಅದರ ಯೋಜನೆಯೊಂದು 2019ರ ಏಪ್ರಿಲ್ 1ರಿಂದ ಜಾರಿಗೆ ಬಂದಿತ್ತು. ಆಗಿನ ದರದಲ್ಲಿ ಎಂಜಿನಿಯರ್ ಹೇಳಿದ ಹೊತ್ತಿಗೆ ಬರದಿದ್ದರೆ 25 ಪೌಂಡ್ ಇತ್ತು. ಹೊಸ ಕನೆಕ್ಷನ್ ತಡ ಆದರೆ ದಿನಕ್ಕೆ 5 ಪೌಂಡ್ ಇತ್ತು. ಕೆಟ್ಟ ಲೈನು ಎರಡು ಪೂರ್ತಿ ಕೆಲಸದ ದಿನ ಕಳೆದರೂ ರಿಪೇರಿ ಆಗದಿದ್ದರೆ ಆಮೇಲೆ ದಿನಕ್ಕೆ 8 ಪೌಂಡ್ ಇತ್ತು. ನನ್ನ ಕನೆಕ್ಷನ್ 11 ದಿನ ತಡ ಆಗಿತ್ತು, ಹಾಗಾಗಿ ಒಟ್ಟು 80 ಪೌಂಡ್ ಜಮಾ. ಯೋಜನೆಯ ಹೆಸರಿನಲ್ಲೇ 'ಆಟೋಮ್ಯಾಟಿಕ್' ಅನ್ನೋ ಪದ ಇದೆ. ನಾನು ಅರ್ಜಿ ಹಾಕಲಿಲ್ಲ, ಮೇಲ್ ಕಳಿಸಲಿಲ್ಲ, ಯಾರ ಕೈಕಾಲೂ ಹಿಡಿಯಲಿಲ್ಲ.

ಹಾಗಂತ ಈ ದೇಶಕ್ಕೆ ಜೈ ಅನ್ನೋಕೆ ಹೋಗಲ್ಲ. ಆ ಯೋಜನೆಗೆ ಸೇರೋದು ಕಂಪನಿಗಳ ಇಷ್ಟ, ಕಡ್ಡಾಯ ಅಲ್ಲ. ಲ್ಯಾಂಡ್‌ಲೈನ್, ಬ್ರಾಡ್‌ಬ್ಯಾಂಡ್ ಬಿಟ್ಟರೆ ಮೊಬೈಲಿಗೆ ಅದು ಅನ್ವಯಿಸಲ್ಲ. ರೈಲಿನ ಕತೆ ನೋಡಿ. 'ಡಿಲೇ ರಿಪೇ' ಅಂತ ಇದೆ. ಅರ್ಧ ಗಂಟೆ ತಡ ಆದ್ರೆ ಒನ್-ವೇ ಟಿಕೆಟ್ಟಿನ ಅರ್ಧ ದುಡ್ಡು, ಒಂದು ಗಂಟೆ ಆದ್ರೆ ಪೂರ್ತಿ ವಾಪಸ್. ಎಷ್ಟೋ ರೈಲು ಕಂಪನಿಗಳು ಕಾಲು ಗಂಟೆಗೂ ಕಾಲು ಭಾಗ ಕೊಡ್ತವೆ. ಆದರೆ ಸಾಮಾನ್ಯವಾಗಿ ಅದನ್ನ ನಾವೇ ಕೇಳಬೇಕು. ಟಿಕೆಟ್ ಫೋಟೋ ತೆಗಿ, ಫಾರಂ ತುಂಬು, ಯಾವ ರೈಲು, ಎಷ್ಟು ಹೊತ್ತಿಗೆ ಅಂತ ಬರಿ. ಮೊದಲೇ ತಡವಾಗಿ ಮನೆಗೆ ಬಂದೋನು ಎರಡು ಪೌಂಡಿಗಾಗಿ ಮತ್ತೆ ಹತ್ತು ನಿಮಿಷ ಯಾಕೆ ಕಳೀತಾನೆ? ರೈಲು ಯಾವಾಗ ಬಂತು ಅನ್ನೋದು ಅವರ ಕಂಪ್ಯೂಟರಿನಲ್ಲೇ ಇದೆ, ಆ್ಯಪ್‌ನಲ್ಲಿ ಟಿಕೆಟ್ ಕೊಂಡೋನ ಕಾರ್ಡ್ ನಂಬರೂ ಇದೆ. ಎರಡನ್ನೂ ಸೇರಿಸೋಕೆ ದೊಡ್ಡ ಪ್ರೋಗ್ರಾಮ್ ಏನೂ ಬೇಕಿಲ್ಲ, ಮನಸ್ಸು ಬೇಕು ಅಷ್ಟೆ.

ಇಲ್ಲಿನ ಗೋಳು ಹೇಳಿಕೊಂಡರೆ ಊರಿನ ಗೆಳೆಯರು ನಗ್ತಾರೆ. "ನಮ್ಮೂರೇ ವಾಸಿ ಕಣೋ, ಲೈನ್‌ಮನ್ ಮನೆಗೇ ಹೋಗಿ ಎಬ್ಬಿಸಬಹುದು" ಅಂತಾರೆ. ಅದು ಅರ್ಧ ಸತ್ಯ. ಹೌದು, ಊರಲ್ಲಿ ಸೇವೆಗೆ ಒಂದು ಮುಖ ಇತ್ತು. ಬೈದುಕೊಂಡಾದ್ರೂ ಆ ಮನುಷ್ಯ ಕಂಬ ಹತ್ತುತ್ತಿದ್ದ. ಆದರೆ ಯಾರು ಹೋಗಿ ಕರೆದರೆ ಹತ್ತುತ್ತಿದ್ದ? ಪಟೇಲರ ಮನೆ ಕಡೆ ಫ್ಯೂಸ್ ಹೋದ್ರೆ ಅರ್ಧ ಗಂಟೆ, ಕೇರಿ ಕಡೆ ಹೋದ್ರೆ ಮೂರು ದಿನ. ಮುಖ ನೋಡಿ ನಡೆಯೋ ಸೇವೆ, ಮುಖ ಇಲ್ಲದೋರಿಗೆ ಯಾವತ್ತೂ ಸಿಕ್ಕಿಲ್ಲ.

ಅದಕ್ಕೆ ಔಷಧಿ ನಮ್ಮಲ್ಲೂ ಇದೆ, ಇಂಗ್ಲೆಂಡಿಗಿಂತ ಮೊದಲೇ ಬಂದಿದೆ. ಕರ್ನಾಟಕದ 'ಸಕಾಲ' ಕಾಯ್ದೆ 2011ರದ್ದು, 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿ. ಅರ್ಜಿಗೆ ಒಂದು ನಂಬರ್, ಪ್ರತಿ ಸೇವೆಗೆ ಒಂದು ಗಡುವು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ, ಅದೂ ತಡ ಮಾಡಿದ ಅಧಿಕಾರಿಯ ಜೇಬಿನಿಂದ! ಆಫ್‌ಕಾಮ್‌ಗಿಂತ ಏಳು ವರ್ಷ ಮುಂಚೆ. ಹೆಮ್ಮೆಯ ವಿಷಯವೇ. ಆದರೆ ಆ ಪರಿಹಾರವನ್ನ ಕೇಳಿ ಪಡೀಬೇಕು. ಒಂದು ಸರ್ಟಿಫಿಕೇಟ್ ತಡ ಆದಾಗ ಅಪ್ಪನಿಗೆ ಕೇಳು ಅಂದೆ. "ಆ ದುಡ್ಡಿಗೆ ಕೈ ಚಾಚಿದ ಮೇಲೆ ನಾಳೆ ಪಹಣಿಗೆ ಅದೇ ಕಚೇರಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?" ಅಂದ್ರು. ಅಪ್ಪ ಹೆದರುಪುಕ್ಕಲು ಅಲ್ಲ. ಲೆಕ್ಕ ಬಲ್ಲವರು. ಕೇಳಿ ಪಡೆಯೋ ಹಕ್ಕಿಗೆ ಹಳ್ಳಿಯಲ್ಲಿ ತೆರಬೇಕಾದ ಬೆಲೆ 500 ರೂಪಾಯಿಗಿಂತ ದೊಡ್ಡದು.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಗಡುವು ಯಾವತ್ತು ಮೀರಿತು ಅಂತ ಕಂಪ್ಯೂಟರಿಗೆ ಗೊತ್ತು. ಅರ್ಜಿದಾರನ ಬ್ಯಾಂಕ್ ಖಾತೆ ಯಾವುದು ಅಂತಲೂ ಸರ್ಕಾರಕ್ಕೆ ಗೊತ್ತು. ಇವತ್ತು ಗ್ಯಾಸ್ ಸಬ್ಸಿಡಿ, ಪಿಂಚಣಿ ಎಲ್ಲಾ ಅದಕ್ಕೇ ಬೀಳ್ತಿವೆ. ಆ 20 ರೂಪಾಯಿಯೂ ಹಾಗೇ, ಯಾರೂ ಕೇಳದೆ ಬಂದು ಬೀಳಲಿ. ಮೊತ್ತ ಚಿಕ್ಕದಿರಬಹುದು. ಆದರೆ ತಿಂಗಳ ಕೊನೆಗೆ ಯಾವ ಟೇಬಲ್ಲಿನಿಂದ ಎಷ್ಟು ಕಟ್ ಆಯ್ತು ಅನ್ನೋ ಪಟ್ಟಿ ಸಾಹೇಬರ ಮುಂದೆ ಬಂದು ಕೂರುತ್ತಲ್ಲ, ಯಾವ ಟೇಬಲ್ಲಿನ ಫೈಲು ಓಡುತ್ತೆ, ಯಾವುದು ಮಲಗಿದೆ ಅಂತ ಅದೇ ಹೇಳುತ್ತೆ. ಅಪ್ಪನಂಥವರು ಯಾರ ಮುಂದೆಯೂ ನಿಂತು ಕೇಳಬೇಕಾಗಲ್ಲ.